ವಿಮಲ ಗುನುಗಿದ ಹಾಡು

ಹೋದ ತಿಂಗಳು ಒಂದು ಮಧ್ಯಾಹ್ನ ಊಟ ಮುಗಿಸಿ ಟಿವಿ ಮುಂದೆ ಕೂತಿದ್ದೆ. ಮಗ ಹಾಕಿಕೊಟ್ಟಿರುವ ಯಾವುದೋ ಆ್ಯಪ್‌ನಲ್ಲಿ ಒಂದರ ಹಿಂದೆ ಒಂದು ಸಂಚಿಕೆ ಓಡುತ್ತಿತ್ತು. ನಾಲ್ಕನೆಯದೋ ಐದನೆಯದೋ ಮುಗಿದಾಗ ಚಿತ್ರ ನಿಂತು, ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಇನ್ನೂ ನೋಡುತ್ತಿದ್ದೀರಾ? ನಾನು ದಡಕ್ಕನೆ ಎದ್ದು ನಿಂತು "ಇಲ್ಲ, ಇಲ್ಲ" ಅಂದುಬಿಟ್ಟೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಐವತ್ತೆಂಟು ವರ್ಷದ ಹೆಂಗಸು, ಹನುಮಂತನಗರದ ತನ್ನದೇ ಮನೆಯಲ್ಲಿ, ತನ್ನದೇ ಟಿವಿಗೆ ಹೆದರಿ ಸುಳ್ಳು ಹೇಳಿದ್ದೆ. ಮೊದಲು ನಗು ಬಂತು, ಆಮೇಲೆ ಸುಸ್ತಾಯಿತು. ಕೇಂದ್ರ ಬಿಟ್ಟು ಒಂಬತ್ತು ವರ್ಷವಾಯಿತು. ನನ್ನ ಮೊಣಕಾಲಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿದ ಹಾಗಿಲ್ಲ.

ಕೇಂದ್ರ ಅಂದರೆ ಯಾವುದು ಅಂತ ನೀವು ಕೇಳಬಹುದು. ಹೆಸರು ಹೇಳುವುದಿಲ್ಲ, ಹೇಳಿದರೂ ನಿಮಗೆ ಗೊತ್ತಿರಲಾರದು. ಇಟ್ಟಮಡುವಿನಲ್ಲಿ ಮೂರಂತಸ್ತಿನ ಒಂದು ಕಟ್ಟಡ, ಕೆಳಗೆ ಭಜನೆಯ ಹಾಲ್, ಮೇಲೆ ಅಲ್ಲೇ ಇರುವವರ ಕೋಣೆಗಳು. ಅದನ್ನು ನಡೆಸುತ್ತಿದ್ದವರನ್ನು ಅಣ್ಣಾಜಿ ಅನ್ನಬೇಕಿತ್ತು, ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಅನ್ನಬೇಕಿತ್ತು. ಯಜಮಾನರು ತೀರಿಕೊಂಡ ವರ್ಷ, ಎಂಟು ವರ್ಷದ ಮಗನನ್ನು ಕಟ್ಟಿಕೊಂಡು ದಿಕ್ಕು ತೋಚದೆ ಕೂತಿದ್ದಾಗ, ಆಫೀಸಿನ ಗೆಳತಿಯೊಬ್ಬಳು ಕರೆದುಕೊಂಡು ಹೋದಳು. ಹೋದ ಮೊದಲ ದಿನ ಅಲ್ಲಿ ಯಾರೋ ನನ್ನ ಕೈಗೆ ಬಿಸಿ ಹಾಲು ಕೊಟ್ಟು ಬೆನ್ನು ಸವರಿದರು. ಅಷ್ಟಕ್ಕೇ ಹನ್ನೊಂದು ವರ್ಷ ಇದ್ದುಬಿಟ್ಟೆ. ಬುದ್ಧಿವಂತರು ಹೇಗೆ ಇಂಥದ್ದಕ್ಕೆಲ್ಲ ಸಿಕ್ಕಿಬೀಳುತ್ತಾರೆ ಎಂದು ಜನ ಆಶ್ಚರ್ಯಪಡುತ್ತಾರೆ. ನನಗೆ ಆ ಮಾತು ಕೇಳಿದಾಗಲೆಲ್ಲ ಆ ಹಾಲು ನೆನಪಾಗುತ್ತದೆ, ಸಕ್ಕರೆ ಸ್ವಲ್ಪ ಜಾಸ್ತಿಯೇ ಹಾಕಿದ್ದರು.

ಬಿಟ್ಟದ್ದೂ ಹಾಗೇ, ಏನೂ ದೊಡ್ಡ ಸಂಗತಿಯಲ್ಲ. ಒಂದು ಗುರುವಾರ ಎಷ್ಟು ಹೊತ್ತಾದರೂ ಬಸ್ಸು ಬರಲಿಲ್ಲ. ಕಾದು ಕಾದು ಮನೆಗೆ ವಾಪಸ್ ಬಂದೆ. ಗುರುವಾರದ ಭಜನೆ ತಪ್ಪಿಸಿದವರ ಮನೆಯಲ್ಲಿ ಅನಾಹುತ ಆಗುತ್ತದೆ ಅಂತ ಅಣ್ಣಾಜಿ ಹೇಳುತ್ತಿದ್ದರು. ವಾರವಿಡೀ ಕಾದೆ. ಏನೂ ಆಗಲಿಲ್ಲ. ಮುಂದಿನ ಗುರುವಾರ ಬಸ್ಸು ಬಂದರೂ ಹತ್ತಲಿಲ್ಲ.

ಈಗ ಕೇಂದ್ರ ಬಿಟ್ಟುಬಂದ ನಾವು ನಾಲ್ಕು ಜನ ಪ್ರತಿ ಭಾನುವಾರ ಬೆಳಿಗ್ಗೆ ಜಯನಗರದ ಒಂದು ಸಣ್ಣ ಪಾರ್ಕಿನಲ್ಲಿ ಸೇರುತ್ತೇವೆ. ನಾನು, ಪಕ್ಕದ ಸಿದ್ದಾಪುರದಲ್ಲಿರುವ, ನನ್ನದೇ ವಯಸ್ಸಿನ ವಿಮಲ, ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೂರ್ತಿಗಳು, ಮತ್ತೆ ಲತಾ. ಲತಾಳಿಗೆ ಇನ್ನೂ ಮೂವತ್ತೊಂದು, ಬಿಟಿಎಂ ಲೇಔಟಿನ ಯಾವುದೋ ಕಂಪನಿಯಲ್ಲಿ ಕೆಲಸ. ಅವಳ ಅಪ್ಪ ಅಮ್ಮ ಆರು ವರ್ಷದ ಇವಳನ್ನು ಕರೆದುಕೊಂಡು ಕೇಂದ್ರಕ್ಕೆ ಬಂದವರು, ಅಲ್ಲೇ ಇದ್ದಾರೆ. ಇವಳು ಹತ್ತೊಂಬತ್ತಕ್ಕೆ ಓಡಿಬಂದಳು.

ನಾವೇನು ಮಾತಾಡುತ್ತೇವೆ ಗೊತ್ತೇ? ಅರ್ಧ ಕೇಂದ್ರದಲ್ಲಿ ಅನುಭವಿಸಿದ್ದು, ಇನ್ನರ್ಧ ಸಿನಿಮಾ, ಸೀರಿಯಲ್ಲು. ಅಲ್ಲಿ ಸಿನಿಮಾ, ಟಿವಿ ಎರಡೂ ನಿಷಿದ್ಧ. ಸೇರಿದ ತಿಂಗಳೇ ಟಿವಿಯನ್ನು ಯಾರಿಗಾದರೂ ಕೊಟ್ಟುಬಿಡಬೇಕಿತ್ತು. ಹಾಗಾಗಿ ನಮ್ಮ ತಲೆಯಲ್ಲಿ ಒಂದಷ್ಟು ವರ್ಷ ಪೂರ್ತಿ ಖಾಲಿ. ಯಾವ ನಟಿ ಯಾರನ್ನು ಮದುವೆಯಾದಳು, ಯಾವಾಗ ಬಿಟ್ಟಳು, ಎರಡೂ ಸುದ್ದಿ ನಮಗೆ ಒಟ್ಟಿಗೇ ಸಿಗುತ್ತದೆ. ನನ್ನ ಮೆಚ್ಚಿನ ನಟರೊಬ್ಬರು ತೀರಿಕೊಂಡದ್ದು ನನಗೆ ತಿಳಿದದ್ದು ನಾಲ್ಕು ವರ್ಷ ತಡವಾಗಿ, ರಸ್ತೆ ಬದಿಯ ಪುಣ್ಯಸ್ಮರಣೆಯ ಫ್ಲೆಕ್ಸ್ ನೋಡಿ. ಆಟೋದಲ್ಲಿ ಕೂತು ಗೊಳೋ ಅಂತ ಅತ್ತೆ. ಆಟೋದವರು ಗಾಡಿ ನಿಧಾನ ಮಾಡಿ "ಸಂಬಂಧಿಕ್ರಾ ಮೇಡಂ?" ಅಂತ ಕೇಳಿದರು. ಹೂಂ ಅಂದೆ.

ಮೂರ್ತಿಗಳು ಒಂದು ನೋಟ್‌ಬುಕ್ಕಿನಲ್ಲಿ ವರ್ಷವಾರು ಚಿತ್ರಗಳ ಪಟ್ಟಿ ಮಾಡಿ, ನೋಡಿದ್ದಕ್ಕೆ ಟಿಕ್ ಹಾಕುತ್ತಾರೆ. ಲತಾಳಿಗೆ ಮಕ್ಕಳ ಕಾರ್ಟೂನುಗಳು ಬೇಕು. "ಆಫೀಸಲ್ಲಿ ಎಲ್ರೂ ಚಿಕ್ಕವಯಸ್ಸಿನ ಕಾರ್ಟೂನ್ ಬಗ್ಗೆ ಮಾತಾಡಿ ನಗ್ತಾರೆ ಆಂಟಿ, ನಾನೂ ನಗ್ತೀನಿ. ಯಾವ್ದು ಅಂತ ಕೇಳಿಬಿಟ್ರೆ ಅನ್ನೋ ಭಯ" ಅನ್ನುತ್ತಾಳೆ. ನಮ್ಮ ಮಾತು ಯಾವಾಗ ಯಾವ ಕಡೆ ತಿರುಗುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಮಕ್ಕಳ ತಲೆಮೇಲೆ ತಣ್ಣೀರು ಸುರಿಯುತ್ತಿದ್ದುದನ್ನು ಲತಾ ಹೇಳುತ್ತಿರುತ್ತಾಳೆ, ಮೂರ್ತಿಗಳು "ಅಂದ್ಹಾಗೆ ಆ ಸೀರಿಯಲ್ಲಲ್ಲಿ ಅತ್ತೆ ಪಾತ್ರದವರು ಬದಲಾಗ್ಬಿಟ್ರಲ್ಲ, ಯಾಕೆ?" ಅನ್ನುತ್ತಾರೆ. ಹೊರಗಿನವರು ಕೇಳಿದರೆ ಇವರಿಗೆ ಹೃದಯವೇ ಇಲ್ಲ ಅಂದುಕೊಂಡಾರು. ನಮಗೆ ಅಷ್ಟು ಹೊತ್ತಿಗೆ ಅತ್ತೆ ಪಾತ್ರದವರು ಬೇಕಾಗಿರುತ್ತಾರೆ.

ಟಿವಿಗೆ ಹೆದರಿ ಎದ್ದುನಿಂತ ಕಥೆಯನ್ನು ಆ ಭಾನುವಾರ ಹೇಳಿದೆ. ಎಲ್ಲರೂ ಚೆನ್ನಾಗಿ ನಕ್ಕರು. ನಗು ನಿಂತ ಮೇಲೆ ವಿಮಲ ಎಂದಿನಂತೆ ತನ್ನ ಹಾಡಿನ ಮಾತು ತೆಗೆದಳು. ಆ ಹಾಡಿನ ವಿಷಯ ಹೇಳಬೇಕಾದರೆ ನಿಮಗೆ ಕನ್ನಡಿಯ ಪದ್ಧತಿ ಗೊತ್ತಿರಬೇಕು.

ಕೇಂದ್ರದಲ್ಲಿ ತಿಂಗಳಿಗೊಬ್ಬರಂತೆ ಪ್ರತಿಯೊಬ್ಬರಿಗೂ ಒಬ್ಬ ಕನ್ನಡಿಯನ್ನು ನೇಮಿಸುತ್ತಿದ್ದರು. ಕನ್ನಡಿ ಅಂದರೆ ಇನ್ನೊಬ್ಬ ಸದಸ್ಯ. ನಮ್ಮ ತಪ್ಪು ನಮಗೆ ಕಾಣುವುದಿಲ್ಲ, ಪ್ರೀತಿಯಿಂದ ಇನ್ನೊಬ್ಬರು ತೋರಿಸಬೇಕು ಅಂತ ಅದರ ತತ್ವ. ಗುರುವಾರ ಭಜನೆಯಾದ ಮೇಲೆ ಕನ್ನಡಿಗಳು ಒಬ್ಬೊಬ್ಬರಾಗಿ ಆ ವಾರ ಕಂಡ ತಪ್ಪನ್ನು ಹೇಳಬೇಕು. ಕೇಳಿಸಿಕೊಂಡವರು ಅಲ್ಲಗಳೆಯುವಂತಿಲ್ಲ, ಕನ್ನಡಿ ಸುಳ್ಳು ಹೇಳುವುದಿಲ್ಲ ಎನ್ನುವುದು ನಿಯಮ. ಏನೂ ತಪ್ಪು ಕಾಣಲಿಲ್ಲ ಎಂದರೆ ಕನ್ನಡಿಗೆ ಧೂಳು ಕೂತಿದೆ ಎಂದು ಕನ್ನಡಿಗೇ ಶಿಕ್ಷೆ. ಶಿಕ್ಷೆ ಎಂದರೆ ಮೌನ. ಕೈಗೆ ಹಳದಿ ದಾರ ಕಟ್ಟಿಬಿಡುತ್ತಿದ್ದರು. ದಾರ ಬಿಚ್ಚುವವರೆಗೆ ಮನೆಯಲ್ಲಾಗಲಿ ಹೊರಗಾಗಲಿ ಒಂದು ಮಾತಾಡುವಂತಿಲ್ಲ, ಒಬ್ಬರ ಮಾತು ಕೇಳಿಸಿಕೊಳ್ಳುವಂತಿಲ್ಲ. ಆಫೀಸಿಗೆ ಗಂಟಲು ನೋವು ಅಂತ ರಜೆ ಹಾಕುತ್ತಿದ್ದೆವು. ಇಷ್ಟನ್ನೂ ನಾವು ಒಪ್ಪಿಕೊಂಡೇ ಮಾಡುತ್ತಿದ್ದೆವು.

ವಿಮಲ ಆಗ ಕೇಂದ್ರದ ಮೇಲಿನ ಕೋಣೆಯಲ್ಲೇ ಇದ್ದು ಅಡುಗೆ ಸೇವೆ ಮಾಡುತ್ತಿದ್ದಳು. ಅವಳ ಕನ್ನಡಿ ಒಂದು ಗುರುವಾರ ಎದ್ದು, ವಿಮಲ ಕುಕ್ಕರ್ ತೊಳೆಯುತ್ತಾ ಸಿನಿಮಾ ಹಾಡು ಗುನುಗುತ್ತಿದ್ದಳೆಂದು ಹೇಳಿದಳು. ಇಪ್ಪತ್ತೊಂದು ದಿನದ ದಾರ ಕಟ್ಟಿದರು. ಹದಿನಾರನೆಯ ದಿನ ತಿಪಟೂರಿನಿಂದ ಅವಳ ತಾಯಿಯ ಫೋನು ಬಂತು. ಹುಷಾರಿರಲಿಲ್ಲ ಅವರಿಗೆ. ವಿಮಲ ಮೌನದಲ್ಲಿದ್ದಾರೆ ಎಂದು ಫೋನ್ ಎತ್ತಿದವರು ಹೇಳಿದರು. "ಅವಳು ಮಾತಾಡೋದು ಬೇಡ, ಕಿವಿಗೆ ಫೋನ್ ಇಡಿ ಸಾಕು, ನಾನು ಹೇಳ್ಕೋತೀನಿ" ಎಂದರಂತೆ ಆ ತಾಯಿ. ಇಡಲಿಲ್ಲ. ಹತ್ತೊಂಬತ್ತನೆಯ ದಿನ ಅವರು ಹೋಗಿಬಿಟ್ಟರು.

ಇದನ್ನು ವಿಮಲ ನಮಗೆ ಎಷ್ಟೋ ಸಲ ಹೇಳಿದ್ದಾಳೆ. ಹೇಳಿ, ಕಣ್ಣು ಒರೆಸಿಕೊಂಡು, ಕೊನೆಗೆ ಕೇಳುವುದು ಒಂದೇ: "ಯಾವ ಹಾಡಿರ್ಬಹುದು ಅದು?" ಅವಳಿಗೆ ಕುಕ್ಕರ್ ನೆನಪಿದೆ, ಹಾಡು ನೆನಪಿಲ್ಲ. ಮೂರ್ತಿಗಳಿಗೆ ಇಂಥದ್ದೆಂದರೆ ಎಲ್ಲಿಲ್ಲದ ಉತ್ಸಾಹ. "ಕೇಂದ್ರದ ಹಿಂದೆ ಆಟೋ ಸ್ಟ್ಯಾಂಡ್ ಇತ್ತು ವಿಮಲಮ್ಮ, ದಿನಾ ಎಫ್‌ಎಂ ಹಾಕ್ತಿದ್ರು. ಆ ವರ್ಷದ ಹಾಡೇ ಇರ್ಬೇಕು. ಪಾತ್ರೆ ಉಜ್ಜೋವಾಗ ಅಂದ್ರೆ ಸ್ವಲ್ಪ ಫಾಸ್ಟ್ ಹಾಡು" ಎಂದು ನೋಟ್‌ಬುಕ್ ತೆಗೆಯುತ್ತಾರೆ. ಅದರಲ್ಲಿ ಆ ವರ್ಷದ ಒಂಬತ್ತು ಹಾಡುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಆ ಭಾನುವಾರ ಲತಾ ಫೋನ್ ಹೊರತೆಗೆದು, "ಆಂಟಿ, ಇದ್ರಲ್ಲಿ ನೀವು ಗುನುಗಿದ್ರೆ ಸಾಕು, ಯಾವ ಹಾಡು ಅಂತ ಹೇಳತ್ತೆ. ಸಖತ್ತಾಗಿದೆ" ಎಂದಳು. ವಿಮಲ ಫೋನಿನ ಮುಂದೆ ಬಾಗಿ, ತುಟಿ ಮುಚ್ಚಿ, ಅದೂ ಇದೂ ಗುನುಗಿದಳು. ಫೋನು ಅವಳಿಗೊಂದು ಭಕ್ತಿಗೀತೆ ತೋರಿಸಿತು.

"ಹಾಡು ಸಿಕ್ಕೇ ಸಿಗ್ಬೇಕು ಕಣೆ" ಎಂದು ನನ್ನ ಕಡೆ ತಿರುಗಿದಳು. "ಬರೋ ವಾರ ಅಮ್ಮನ ತಿಥಿ. ಈ ಸಲ ಅಣ್ಣ ಬಾ ಅಂದಿದ್ದಾನೆ, ಇಷ್ಟು ವರ್ಷಕ್ಕೆ ಮೊದಲ್ನೇ ಸಲ. ಅವತ್ತು ಅಮ್ಮನ್ ಹತ್ರ ಮಾತಾಡದೇ ಇರೋ ಅಂಥದ್ದೇನೇ ಮಾಡಿದ್ದೆ ನೀನು ಅಂತ ಕೇಳ್ತಾನೆ. ಒಂದು ಹಾಡು ಅಂದ್ರೆ, ಯಾವ್ದು ಅಂತ ಕೇಳಲ್ವಾ?" ಆಮೇಲೆ, "ಅಷ್ಟು ವರ್ಷದಲ್ಲಿ ನಾನು ಅವರ ಮಾತು ಮೀರಿದ್ದು ಅಂದ್ರೆ ಅದೊಂದೇ. ನನಗೆ ಗೊತ್ತಿಲ್ದೇನೇ ಬಾಯಿ ಹಾಡಿಬಿಡ್ತಲ್ಲ, ಒಂದೊಂದ್ಸಲ ಹೆಮ್ಮೆನೂ ಆಗತ್ತೆ" ಎಂದಳು.

ಇಲ್ಲಿಯವರೆಗೂ ನಾನು ನಿಮ್ಮಿಂದ ಒಂದು ಮಾತು ಮುಚ್ಚಿಟ್ಟಿದ್ದೇನೆ. ಆ ತಿಂಗಳು ವಿಮಲಳ ಕನ್ನಡಿ ನಾನು. ಅದು ಅವಳಿಗೂ ಗೊತ್ತು, ಎಲ್ಲರಿಗೂ ಗೊತ್ತು. ಕನ್ನಡಿಯ ಮೇಲೆ ಸಿಟ್ಟು ಮಾಡಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಅವಳಿಗೆ ಗೊತ್ತಿಲ್ಲದ್ದು ಬೇರೆ. ಆ ವಾರ ಅವಳು ಯಾವ ಹಾಡನ್ನೂ ಗುನುಗಿರಲಿಲ್ಲ. ಹುಳಿಗೆ ಉಪ್ಪು ಜಾಸ್ತಿಯಾದದ್ದು, ಜಪದಲ್ಲಿ ತೂಕಡಿಸಿದ್ದು, ಎಲ್ಲ ಹಿಂದಿನ ವಾರಗಳಲ್ಲೇ ಹೇಳಿ ಮುಗಿಸಿದ್ದೆ. ಹೇಳಲಿಕ್ಕೆ ಏನೂ ಉಳಿದಿರಲಿಲ್ಲ. ಮಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಗುವುದರಲ್ಲಿತ್ತು, ಆಗ ನನ್ನ ಕೈಗೆ ದಾರ ಬಿದ್ದರೆ ಮನೆಯಲ್ಲಿ ಅವನ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ಎದ್ದು ನಿಂತಾಗ ಬಾಯಿಗೆ ಬಂದದ್ದು ಆ ಹಾಡು. ಎರಡು ದಿನದ ದಾರ ಕಟ್ಟಿಯಾರು ಅಂದುಕೊಂಡಿದ್ದೆ. ವಿಮಲ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು, ಆಮೇಲೆ ಕೈ ಮುಗಿದು "ಹೌದು, ತಪ್ಪಾಯ್ತು" ಎಂದಳು. ಬರಬರುತ್ತಾ ಅವಳಿಗೆ ಅದು ನಿಜವಾಗಿ ನಡೆದ ಹಾಗೇ ನೆನಪಾಗತೊಡಗಿತು. ಹೇಳಿಬಿಡಬೇಕು ಅಂತ ಎಷ್ಟು ಭಾನುವಾರ ಮನೆಯಿಂದ ಹೊರಟಿದ್ದೇನೋ. ಹೇಳಿದರೆ ಅವಳಿಗಿರುವ ಆ ಒಂದು ಹೆಮ್ಮೆಯೂ ಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ವಾಪಸ್ ಬರುತ್ತಿದ್ದೆ. ಅದೂ ಒಂದು ನೆಪ. ನಿಜವಾಗಿ ನನಗೆ ಹೆದರಿಕೆ, ಅಷ್ಟೇ.

ಆದರೆ ಅವಳು ಇಲ್ಲದ ಹಾಡಿನ ಹೆಸರು ಹೊತ್ತುಕೊಂಡು ಅಣ್ಣನ ಮುಂದೆ ಹೋಗಿ ನಿಲ್ಲುತ್ತಾಳೆ ಅನ್ನುವುದನ್ನು ತಡೆದುಕೊಳ್ಳಲಾಗಲಿಲ್ಲ. ಪಾರ್ಕಿನಿಂದ ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆಯುವಾಗ ಹೇಳಿದೆ. "ವಿಮಲ, ಆ ಹಾಡು ಹುಡುಕ್ಬೇಡ. ನೀನು ಹಾಡಿರ್ಲೇ ಇಲ್ಲ. ನಾನು ಸುಳ್ಳು ಹೇಳ್ದೆ."

ಅವಳು ನಕ್ಕಳು. "ಸುಮ್ನಿರೆ, ನನಗೆ ನೆನಪಿದೆ. ಕುಕ್ಕರ್ ತೊಳೀತಿದ್ದೆ."

"ಕುಕ್ಕರ್ ಅಂತಾನೂ ನಾನೇ ಹೇಳಿದ್ದು ಕಣೆ."

ಫುಟ್‌ಪಾತಿನ ಮೇಲೆ ನಿಂತುಬಿಟ್ಟಳು. ಹೂವಿನವಳು "ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಅಕ್ಕ" ಎಂದದ್ದು ಅವಳಿಗೆ ಕೇಳಿಸಲಿಲ್ಲ. ನಾನೇ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡೆ.

"ಯಾಕೆ?" ಎಂದಳು.

"ಮಗನಿಗೆ ಪರೀಕ್ಷೆ ಇತ್ತು. ನನಗೆ ದಾರ ಕಟ್ತಾರೆ ಅಂತ ಭಯವಾಯ್ತು."

ಅವಳು ಕೇಳಿದಳು: "ಎಷ್ಟು ಬಂತು ಅವನಿಗೆ?"

"ಎಂಬತ್ತೊಂದು ಪರ್ಸೆಂಟ್."

ಸರಿ ಅನ್ನುವ ಹಾಗೆ ತಲೆಯಾಡಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಹಾಗಾದ್ರೆ ನಾನು ಏನೂ ಮಾಡಿರ್ಲಿಲ್ವಾ?" ಎಂದಳು. ಇಲ್ಲ ಎಂದೆ. "ಏನೂ?" ಏನೂ ಇಲ್ಲ ಕಣೆ ಎಂದೆ. ಅವಳ ಬಸ್ಸು ಬಂತು. ಹತ್ತುವ ಮೊದಲು ತಿರುಗಿ, "ಕ್ಷಮಿಸಿದೆ ಅನ್ನಕ್ಕಾಗಲ್ಲ ಕಣೆ. ಅಲ್ಲಿ ಪ್ರತಿ ಗುರುವಾರ ಎಲ್ರನ್ನೂ ಕ್ಷಮಿಸಿ ಕ್ಷಮಿಸಿ ನನ್ನ ಹತ್ರ ಇದ್ದಿದ್ದೆಲ್ಲ ಮುಗ್ದೋಯ್ತು" ಎಂದಳು.

ಆಮೇಲೆ ಎರಡು ಭಾನುವಾರ ಅವಳು ಬರಲಿಲ್ಲ. ಮೂರ್ತಿಗಳು "ತಿಥಿಗೆ ಹೋದವರು ಅಲ್ಲೇ ಉಳ್ಕೊಂಡಿರ್ಬೇಕು" ಎಂದರು. ನಾನು ಹೂಂ ಅಂದೆ. ಮೊನ್ನೆ ಮೂರನೆಯ ಭಾನುವಾರ ಬಂದಳು. ಯಾವಾಗಲೂ ನನ್ನ ಪಕ್ಕ ಕೂರುವವಳು ಬೆಂಚಿನ ಆ ತುದಿಯಲ್ಲಿ, ಲತಾಳ ಆಚೆ ಕೂತಳು. ಹಾಡು ಸಿಕ್ತಾ ಎಂದು ಲತಾ ಕೇಳಿದಳು.

"ಹಾಡು ಇರ್ಲೇ ಇಲ್ಲ" ಎಂದಳು ವಿಮಲ. "ಅಣ್ಣ ಕೇಳ್ದ, ಏನೇ ಮಾಡಿದ್ದೆ ಅಂತ. ನಾನು ಏನೂ ಮಾಡಿರ್ಲಿಲ್ಲ ಕಣೋ ಅಂದೆ. ಎದ್ದು ಒಳಗ್ಹೋಗಿ ನೀರು ಕುಡ್ದು ಬಂದ. ಆಮೇಲೆ ನನ್ನ ಪಕ್ಕದಲ್ಲೇ ಎಲೆ ಹಾಕಿಸ್ಕೊಂಡು ಊಟ ಮಾಡ್ದ." ಅವಳು ನನ್ನ ಹೆಸರು ಎತ್ತಲಿಲ್ಲ.

ಏನೂ ಮಾಡಿರಲಿಲ್ಲ. ಯೋಚಿಸಿದರೆ, ಕೇಂದ್ರದಲ್ಲಿದ್ದು ಬಂದವರ ಬಾಯಿಂದ ನಾನು ಆ ಮಾತು ಕೇಳಿದ್ದು ಅದೇ ಮೊದಲು. ನಾವೆಲ್ಲ ನಮಗಾದದ್ದನ್ನು ಹೇಳಿಕೊಳ್ಳುವಾಗಲೂ ಎಲ್ಲೋ ಒಂದು ಕಡೆ ನಮ್ಮ ತಪ್ಪನ್ನು ಸೇರಿಸಿಯೇ ಹೇಳುತ್ತಿದ್ದೆವು.

ಮೂರ್ತಿಗಳು ಕನ್ನಡಕ ತೆಗೆದು ಶರಟಿನ ತುದಿಯಲ್ಲಿ ಒರೆಸಿದರು. "ತಂಗಿಗೆ ಕಾಗದ ಬರೆದೆ ಅಂತ ನಲವತ್ತು ದಿನ ವರಾಂಡದಲ್ಲಿ ಮಲಗಿಸಿದ್ರು" ಎಂದರು. ಇದು ನಮಗೆ ಗೊತ್ತಿದ್ದ ಕಥೆಯೇ. ಈ ಸಲ ಅವರು ಅತ್ತೆ ಪಾತ್ರಕ್ಕೆ ಜಾರಿಕೊಳ್ಳಲಿಲ್ಲ. "ನಾನೂ ಏನೂ ಮಾಡಿರ್ಲಿಲ್ಲ ವಿಮಲಮ್ಮ" ಎಂದರು.

"ನಾನು ಆರು ವರ್ಷದ ಮಗು" ಎಂದಳು ಲತಾ. "ನಾನೇನ್ ಮಾಡಿದ್ದೆ? ಏನೂ ಮಾಡಿರ್ಲಿಲ್ಲ." ವಿಮಲ ಅವಳ ಕೈ ಹಿಡಿದುಕೊಂಡಳು.

ಆಮೇಲೆ ಸಹಜವಾಗಿ ಮೂರ್ತಿಗಳೂ ಲತಾಳೂ ನನ್ನ ಕಡೆ ನೋಡಿದರು. ನನಗೂ ಮೂರು ಸಲ ದಾರ ಕಟ್ಟಿದ್ದರು, ಮೂರು ಸಲವೂ ನಾನು ಏನೂ ಮಾಡಿರಲಿಲ್ಲ. ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ವಿಮಲ ಮಾತ್ರ ನನ್ನ ಕಡೆ ನೋಡದೆ, ಎದುರಿನ ಹುಲ್ಲನ್ನು ನೋಡುತ್ತಾ ಕೂತಿದ್ದಳು.

"ನಾನು ಮಾಡಿದ್ದೆ" ಎಂದೆ. ಪರೀಕ್ಷೆಯಿಂದ ಶುರು ಮಾಡಿ, ಕುಕ್ಕರ್, ಹಾಡು, ಇಪ್ಪತ್ತೊಂದು ದಿನ, ತಿಪಟೂರಿನ ಫೋನು, ಎಲ್ಲವನ್ನೂ ಹೇಳಿದೆ. ನಾನು ಹೇಳಿ ಮುಗಿಸುವವರೆಗೆ ವಿಮಲ ನನ್ನ ಕಡೆ ತಿರುಗಲಿಲ್ಲ. ಎದ್ದೂ ಹೋಗಲಿಲ್ಲ.