ನನ್ನ ದನಿ ಹೋಗದ ಸಂಜೆಗಳು

ಸಂಸೆಯ ಆಚೆ, ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ವಾರವಿಡೀ ನಾನೊಬ್ಬಳೇ. ನಮ್ಮವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಮಾಲೀಕರ ಇನ್ನೊಂದು ತೋಟ ಅತ್ತಿಗುಂಡಿಯ ಕಡೆ ಇದೆ. ಅಲ್ಲಿಯ ಕೆಲಸಕ್ಕೆ ಹೋದವರು ಬರುವುದು ಭಾನುವಾರ. ಮಕ್ಕಳನ್ನು ದೇವರು ಕೊಡಲಿಲ್ಲ. ಆದರೆ ಹಿತ್ತಲಲ್ಲಿ ಬೇಸಿಗೆಗೂ ಬತ್ತದ ಒರತೆ ಕೊಟ್ಟಿದ್ದಾನೆ. ಮಲ್ಲಂದೂರಿನಲ್ಲಿ ಅಕ್ಕನನ್ನು ಇಟ್ಟಿದ್ದಾನೆ. ಕೊಟ್ಟದ್ದನ್ನು ಮೊದಲು ಹೇಳಬೇಕು.

ನನ್ನ ಬಟನ್ ಫೋನಿಗೆ ಸಿಗ್ನಲ್ ಸಿಗುವುದು ಜೀಪು ನಿಲ್ಲುವ ತಿರುವಿನಲ್ಲಿ ಮಾತ್ರ. ಅದೂ ಎರಡು ಮಾತಿಗೆ ಕಟ್ ಆಗುತ್ತದೆ. ಸಂಜೆಯಾದರೆ ಆ ಕಡೆ ಆನೆ ಭಯ. ಮನೆಗೆ ಮಾತ್ರ ಆಫೀಸಿನಿಂದ ಇಂಟರ್ನೆಟ್ಟಿನ ಒಂದು ವೈರು ಎಳೆದಿದ್ದಾರೆ. ಆಫೀಸಿನವರು ಮೂಲೆಗೆ ಹಾಕಿದ್ದ ಹಳೆಯ ಲ್ಯಾಪ್‌ಟಾಪನ್ನು ನಮ್ಮವರು ಕೇಳಿ ತಂದರು. ಕಳಸದ ರಿಪೇರಿ ಅಂಗಡಿಯ ಭಾಯಿ ಅದಕ್ಕೆ ಬೇರೆ ಸಿಸ್ಟಮ್ ಹಾಕಿಕೊಟ್ಟರು. ಅದನ್ನು ಯಾರೂ ಮಾರುವುದಿಲ್ಲವಂತೆ. ದೇಶ ದೇಶದ ಜನ ಸೇರಿ ಬರೆದು, ಬೇಕಾದವರು ಹಾಕಿಕೊಳ್ಳಿ ಎಂದು ಬಿಟ್ಟಿದ್ದಾರಂತೆ. ಎಲ್ಲ ಸರಿಹೋಯಿತು, ಮೈಕೊಂದು ಬಿಟ್ಟು.

“ಅಮ್ಮಾ, ಈ ಮಾಡೆಲ್ಲಿನ ಮೈಕನ್ನ ಸಿಸ್ಟಮ್ ಗುರುತೇ ಹಿಡೀತಿಲ್ಲ,” ಎಂದರು ಭಾಯಿ. “ಹೊರಗಿಂದು ಸಿಕ್ಕಿಸಿ ನೋಡ್ದೆ, ಅದಕ್ಕೂ ಜಪ್ಪಯ್ಯ ಅನ್ನಲ್ಲ. ಮುಂದಿನ ವರ್ಷನ್ ಬರ್ಲಿ, ನೋಡಣ.”

ಸಂಜೆ ದೇವರಿಗೆ ದೀಪ ಹಚ್ಚಿ ಅಕ್ಕನಿಗೆ ವಿಡಿಯೋ ಕಾಲ್ ಮಾಡುತ್ತಿದ್ದೆ. ಅಲ್ಲಿ ಅವಳ ಸೊಸೆ ಫೋನನ್ನು ಹಿತ್ತಾಳೆ ಚೊಂಬಿಗೆ ಒರಗಿಸಿಟ್ಟು ಹೋಗುತ್ತಿದ್ದಳು. ಅಕ್ಕನ ಮಾತು ನನಗೆ ಕೇಳುತ್ತಿತ್ತು, ನನ್ನದು ಅವಳಿಗೆ ಇಲ್ಲ. ಅಡಿಗೆ ಏನೆಂದು ಕೇಳಿದರೆ ಹಾಗಲಕಾಯಿ ಎತ್ತಿ ತೋರಿಸುತ್ತಿದ್ದೆ.

“ಹಾಗಲಕಾಯಾ? ನಿನ್ ಮುಖಕ್ಕೆ ಅದೇ ಸರಿ ಮಾರಾಯ್ತಿ!” ಎಂದು ನಗುತ್ತಿದ್ದಳು.

ಆಮೇಲೆ ನಮ್ಮಮ್ಮ ಕಲಿಸಿದ ದೇವರನಾಮಗಳು. ಅಕ್ಕ ಹಾಡುವಾಗ ನಾನೂ ದನಿ ಸೇರಿಸುತ್ತಿದ್ದೆ. ಚಿಕ್ಕಂದಿನಲ್ಲಿ ಒಂದೇ ಚಾಪೆಯ ಮೇಲೆ ಕೂತು ಹಾಡಿದ ಹಾಗೆ, ಒಂದಕ್ಷರ ಹಿಂದುಮುಂದಾಗುತ್ತಿರಲಿಲ್ಲ. ಹಾಡು ಮುಗಿದ ಮೇಲೆ ಸುಮ್ಮನೆ ಮಾತಾಡುತ್ತ ಕೂರುತ್ತಿದ್ದೆ. ಕೇಳಿಸುವುದಿಲ್ಲವಲ್ಲ, ಅದಕ್ಕೇ. ಬೆಳಗಿನಿಂದ ಬಾಯಿ ತೆರೆದದ್ದು ಪೂಜೆಗೆ ಮಾತ್ರ ಎಂದೋ, ಮಾಡಿದ ಸಾರು ಚೆನ್ನಾಗಿದೆ ಎನ್ನಲೂ ಯಾರೂ ಇಲ್ಲ ಎಂದೋ. ಅಕ್ಕ ನನ್ನ ತುಟಿಯನ್ನೇ ನೋಡುತ್ತಿದ್ದಳು.

ಸಕ್ಕರೆ ಕಾಯಿಲೆಗೆ ಅವಳ ಒಂದು ಕಣ್ಣು ಮೊದಲೇ ಹೋಗಿತ್ತು. ಮಳೆಗಾಲದ ಹೊತ್ತಿಗೆ ಇನ್ನೊಂದೂ ಮಸುಕಾಯಿತು.

“ದೀಪ ಮುಖದ ಹತ್ರ ಹಿಡಿಯೇ, ಕಾಣ್ತಿಲ್ಲ.”

ಹಿಡಿದೆ.

“ಇನ್ನೂ ಹತ್ರ.”

ಕೆನ್ನೆಗೆ ಬಿಸಿ ತಾಗುವಷ್ಟು ಹತ್ತಿರ ಹಿಡಿದೆ. ಈ ಕಣ್ಣೂ ಹೋದರೆ ಅವಳಿಗೆ ನಾನು ಕಾಣುವುದೂ ಇಲ್ಲ, ಕೇಳಿಸುವುದೂ ಇಲ್ಲ. ದೇವರ ಹತ್ತಿರ ಅಷ್ಟನ್ನೇ ಬೇಡಿಕೊಂಡೆ: ಅದಕ್ಕೆ ಮೊದಲು ನನ್ನ ದನಿ ಅಲ್ಲಿಗೆ ಮುಟ್ಟಲಿ.

ಕೊಯ್ಲು ಶುರುವಾಗುವ ಮುಂಚೆ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕಳಸದ ಬಸ್ಸು ಹತ್ತಿದೆ.

“ಹೊಸ ವರ್ಷನ್ ಬಂತು ಅಮ್ಮಾ,” ಎಂದರು ಭಾಯಿ. “ಹಳೇ ಮಷಿನ್‌ಗಳ ಮೈಕು, ಪ್ರಿಂಟರು, ಎಲ್ಲದಕ್ಕೂ ಸಪೋರ್ಟ್ ಕೊಟ್ಟಿದಾರೆ. ನಿಮ್ಮ ಮಾಡೆಲ್ಲೂ ಇದೆ.” ಹಾಕಿ ಮುಗಿಸಿ, “ಏನಾದ್ರೂ ಮಾತಾಡಿ,” ಎಂದರು.

“ಕಳಸೇಶ್ವರಾ,” ಎಂದೆ. ಅದು ನನ್ನದೇ ದನಿಯಲ್ಲಿ ತಿರುಗಿ ಹೇಳಿತು.

“ಎಲ್ರೂ ಹಲೋ ಅಂತಾರೆ ಅಮ್ಮಾ!” ಭಾಯಿ ನಕ್ಕರು.

ಯಾರಿಗೂ ಬೇಡವಾದ ಹಳೆಯ ಯಂತ್ರದ ಮೈಕಿಗಾಗಿ ಎಲ್ಲಿಯೋ ಯಾರೋ ಕೂತು ಬರೆದಿದ್ದಾರೆ. ಹೆಸರು ಗೊತ್ತಿಲ್ಲ. ಅಂದು ಅವರ ಲೆಕ್ಕದಲ್ಲೂ ದೇವರಿಗೆ ಒಂದು ಹೂವಿಟ್ಟೆ.

ಸಂಜೆ “ಅಕ್ಕಾ” ಎಂದೆ. ಅವಳು ಬಾಗಿಲ ಕಡೆ ತಿರುಗಿದಳು.

“ಯಾರದು, ಬನ್ನಿ ಒಳಗೆ.”

“ನಾನೇ ಕಣೆ ಅಕ್ಕಾ. ಇಲ್ಲಿ.”

ಫೋನಿನ ಕಡೆ ತಿರುಗಿ ಕಿವಿ ಹತ್ತಿರ ತಂದಳು. ಆಮೇಲೆ, “ಸ್ವರ ಎಷ್ಟು ಒಡೆದು ಹೋಗಿದ್ಯೇ ನಿಂದು!” ಎಂದಳು.

ಹಾಡಲು ಶುರುಮಾಡಿದೆವು. ಒಂದು ಸಾಲಿಗೇ ನಿಲ್ಲಿಸಿದಳು. “ಹಿಂದೆ ಬೀಳ್ತೀಯಲ್ಲೇ, ತಾಳ ಮರ್ತ್ಯಾ?”

ನಾನು ಹಿಂದೆ ಬಿದ್ದಿರಲಿಲ್ಲ. ದನಿ ಮಲ್ಲಂದೂರು ಮುಟ್ಟಲು ಒಂದು ಉಸಿರು ತಡವಾಗುತ್ತಿತ್ತು. ಇಷ್ಟು ದಿನ ಜೊತೆಯಾಗಿ ಹಾಡಿದೆವು ಎಂದುಕೊಂಡದ್ದು ಅವಳಿಗೆ ಕೇಳಿಸದೆ ಇದ್ದುದರಿಂದಲೇ. ಕೊನೆಗೆ ಅವಳೊಂದು ಸಾಲು, ನಾನೊಂದು ಸಾಲು ಎಂದಾಯಿತು. ಅದೂ ದೇವರು ಕೊಟ್ಟದ್ದೇ.

“ದಿನಾ ಹಾಡಾದ್ಮೇಲೆ ಏನೋ ಹೇಳ್ತಾ ಇರ್ತಿದ್ಯಲ್ಲ,” ಎಂದಳು ಅಕ್ಕ. “ಈಗ ಹೇಳು.”

“ಏನಿಲ್ಲ ಅಕ್ಕಾ, ಮಳೆ ಸುದ್ದಿ.”

“ಬೇಸಿಗೇಲೂ ಮಳೆ ಸುದ್ದೀನೇ ಹೇಳ್ತಿದ್ಯಾ?”

ಫೋನಿನ ಹತ್ತಿರಕ್ಕೆ ಬಂದಿದ್ದಳು. ಪರದೆಯ ತುಂಬ ಆ ಒಂದು ಮಸುಕು ಕಣ್ಣು.

“ಒಬ್ಳೇ ಇದ್ದೀನಿ ಅಂತ ಹೇಳ್ತಿದ್ದೆ ಅಕ್ಕಾ,” ಎಂದೆ.

ಆ ಮಾತು ಅಲ್ಲಿಗೆ ಮುಟ್ಟುವಷ್ಟರಲ್ಲಿ ದೀಪದ ಬತ್ತಿ ಸರಿಮಾಡಿದೆ.

“ಹೂಂ,” ಎಂದಳು ಅಕ್ಕ. “ಹೇಳು.”