ಬೇಲಿ ಹಾರುತ್ತಿದ್ದ ಕುದುರೆಯ ಕೊನೆಯ ಚಳಿಗಾಲ

ಅಬುಧಾಬಿಯ ಖಾಲಿದಿಯಾದಲ್ಲಿ ಮಗಳ ಮನೆಯಲ್ಲಿದ್ದ ಆ ಚಳಿಗಾಲ, ಶುಕ್ರವಾರದ ಸಾಯಂಕಾಲಗಳಲ್ಲಿ ಅಳಿಯಂದಿರು ಮೊಮ್ಮಗಳನ್ನು ಊರ ಹೊರಗಿನ ಕುದುರೆ ಸವಾರಿ ಶಾಲೆಗೆ ಕರೆದೊಯ್ಯುವಾಗ ನನ್ನನ್ನೂ ಜತೆಗೆ ಕೂರಿಸಿಕೊಳ್ಳುತ್ತಿದ್ದರು. ಕುದುರೆಮೊಗದ ಹಯಗ್ರೀವ ದೇವರನ್ನು ಬಾಲ್ಯದಿಂದ ಪೂಜಿಸಿಕೊಂಡು ಬಂದವನಾದರೂ, ಜೀವಂತ ಕುದುರೆಯೊಂದರ ಹಣೆಯನ್ನು ನಾನು ಅಲ್ಲಿಯವರೆಗೆ ಮುಟ್ಟಿರಲಿಲ್ಲ.

ಮುಟ್ಟಿಸಿದವನು ಅಲ್ಲಿ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ಉಡುಪಿ ಕಡೆಯ ಕ್ರೈಸ್ತ. ನಾನು ಸಂಸ್ಕೃತ ಕಲಿಸುತ್ತಿದ್ದವನೆಂದು ತಿಳಿದ ದಿನದಿಂದ ನಾನು ಅವನಿಗೆ ಮಾಸ್ಟ್ರು.

“ಮುಟ್ಟಿ ಮಾಸ್ಟ್ರೇ, ಮಡಿ ಹಾಳಾಗುದಿಲ್ಲ. ಇವ ನಿಮಗಿಂತ ಶುದ್ಧ ಸಸ್ಯಾಹಾರಿ.”

ಕಡುಕಂದು ಬಣ್ಣದ ಕುದುರೆ. ಕಣ್ಣುಗಳ ಸುತ್ತ ನರೆ ಬಂದಿತ್ತು. ಒಂದು ಕಾಲದಲ್ಲಿ ಅದು ಇಂಗ್ಲೆಂಡಿನ ಹಸಿರು ಬಯಲುಗಳಲ್ಲಿ ಬೇಲಿ ಹಾರುವ ಓಟದ ಕುದುರೆಯಾಗಿತ್ತು. ಹಿಂದಿನ ಒಡೆಯರಿಂದ ಬಂದಿದ್ದ ಆ ಓಟಗಳ ಚಿತ್ರಗಳನ್ನು ಅವನು ತನ್ನ ಮೊಬೈಲಿನಲ್ಲಿ ಇಟ್ಟುಕೊಂಡಿದ್ದ. ಎದೆಯೆತ್ತರದ ಬೇಲಿಗಳನ್ನು ಆ ದೇಹ ದಾಟುತ್ತಿದ್ದ ರೀತಿಯನ್ನು ಕಂಡು ನಾನು ಅರಿವಿಲ್ಲದೆ ಕೈಮುಗಿದೆ. ಎಳೆವಯಸ್ಸಿನಲ್ಲಿ ಹಲವು ಓಟ ಗೆದ್ದಿತಂತೆ. ಒಮ್ಮೆ, ಬೇಲಿಯಾಚೆ ನೀರು ತುಂಬಿದ್ದ ಹಳ್ಳಕ್ಕೆ ಜಾರಿ ಬಿದ್ದು ಮುಂಗಾಲು ಕೆಟ್ಟಿತು. ವಾಸಿಯಾಗಿ ಮತ್ತೆ ಓಡಿತು, ಮತ್ತೆ ಗೆಲ್ಲಲಿಲ್ಲ. ಕೈಯಿಂದ ಕೈಗೆ ಮಾರಾಟವಾಗುತ್ತ, ಕಡೆಗೆ ಮರಳಿನ ಮೇಲೆ ಮಕ್ಕಳಿಗೆ ಸವಾರಿ ಕಲಿಸಲು ಇಲ್ಲಿಗೆ ಬಂದಿತು.

ಮೊಣಕಾಲೆತ್ತರದ ಮರದ ಕಂಬಗಳನ್ನು ಅದು ಬೇಸರವಿಲ್ಲದೆ ದಾಟುತ್ತಿತ್ತು. ಕಂಬದ ಕೆಳಗೆ ನೀಲಿ ಟಾರ್ಪಾಲು ಹಾಸಿದರೆ ಮಾತ್ರ ನಿಂತುಬಿಡುತ್ತಿತ್ತು.

“ನೀರು ಅಂತ ಗ್ರಹಿಸ್ತಾನೆ,” ಎನ್ನುತ್ತಿದ್ದ ಅವನು, ಟಾರ್ಪಾಲನ್ನು ಮಡಚಿ ಪಕ್ಕಕ್ಕಿಡುತ್ತ. “ಅಷ್ಟು ಓಡಿದ ಜೀವ ಮಾಸ್ಟ್ರೇ. ಬೆನ್ನಿಗೆ ಜೀನು ಇಲ್ಲದೆ ಒಂದು ವರ್ಷ ಸುಮ್ಮನೆ ನೆರಳಲ್ಲಿ ನಿಲ್ಲಲಿಕ್ಕೆ ಸಿಕ್ಕಿದ್ರೆ ಸಾಕಿತ್ತು. ನಾನು ಇಲ್ಲಿನ ಮ್ಯಾನೇಜರಲ್ಲಿ ಕೇಳ್ತಾನೇ ಇದ್ದೇನೆ.”

ಅದನ್ನು ಬಿಟ್ಟು ಬೇರೊಂದು ಆಸೆಯನ್ನು ಅವನ ಬಾಯಲ್ಲಿ ನಾನು ಕೇಳಲಿಲ್ಲ.

ಚಳಿ ಇಳಿಯುವ ಹೊತ್ತಿಗೆ ಹಳೆಯ ಗಾಯದ ಕಾಲು ಊದಿಕೊಂಡಿತು. ಒಂದು ಗುರುವಾರ ಸಂಜೆ ಅಳಿಯಂದಿರ ಫೋನಿಗೆ ಕರೆ ಬಂದಿತು. ಅವನೇ; ಫೋನನ್ನು ನನಗೆ ಕೊಡಲು ಹೇಳಿದ.

“ಡಾಕ್ಟ್ರು ಬಂದು ನೋಡಿದ್ರು ಮಾಸ್ಟ್ರೇ. ಮ್ಯಾನೇಜರ್ ನನ್ನ ಹೆಗಲ ಮೇಲೆ ಕೈ ಇಟ್ಟು ‘ಖಲಾಸ್’ ಅಂದ್ರು. ಇನ್ನು ಇವನಿಗೆ ಜೀನು ಇಲ್ಲ.”

“ಖಲಾಸ್ ಅಂದರೆ, ಸತ್ತಿತೇ?” ಎಂದೆ. ಅವನು ನಕ್ಕ.

“ಅದು ಊರಿನ ಖಲಾಸ್. ಇಲ್ಲಿ ಊಟ ಆದ್ರೂ ಖಲಾಸ್, ಡ್ಯೂಟಿ ಮುಗಿದ್ರೂ ಖಲಾಸ್. ನಾಳೆ ಇಗರ್ಜಿಯ ಪೂಜೆಗೆ ಹೋಗಿ ಒಂದು ಮೊಂಬತ್ತಿ ಹಚ್ಚಿ ಬರ್ತೇನೆ.”

ರಜೆ ಶುಕ್ರವಾರವಾದುದರಿಂದ ಅಲ್ಲಿಯ ಕ್ರೈಸ್ತರು ಅಂದೇ ಇಗರ್ಜಿಗೆ ಹೋಗುತ್ತಿದ್ದರು. ನಾನೂ ಮರುದಿನ ಕಡಲೆಬೇಳೆ, ಬೆಲ್ಲ, ಕೊಬ್ಬರಿ ಸೇರಿಸಿ ಹಯಗ್ರೀವ ಮಡ್ಡಿ ಮಾಡಿ ದೇವರಿಗೆ ನಿವೇದಿಸಿದೆ. ಅವನಿಗೆಂದು ಸ್ವಲ್ಪ ಡಬ್ಬಿಗೆ ಹಾಕಿಕೊಂಡೆ.

ಸಾಯಂಕಾಲ ನಾವು ಹೋದಾಗ ಆ ಕುದುರೆಯ ಲಾಯ ಬರಿದಾಗಿತ್ತು. ಅವನು ಇಗರ್ಜಿಯ ಇಸ್ತ್ರಿ ಅಂಗಿಯಲ್ಲೇ ಬಾಗಿಲ ಬಳಿ ನೆಲದ ಮೇಲೆ ಕುಳಿತಿದ್ದ.

“ಅಜ್ಜ, ವೇರ್ ಈಸ್ ಹಿ?” ಎಂದಳು ಮೊಮ್ಮಗಳು. ಡಬ್ಬಿಯನ್ನು ಅವಳ ಕೈಗೆ ಕೊಟ್ಟು, ತಂದೆಯ ಬಳಿಗೆ ಕಳುಹಿಸಿದೆ.

“ನಾನು ಪೂಜೆಯಲ್ಲಿದ್ದಾಗ ಡಾಕ್ಟ್ರು ಸೂಜಿ ಕೊಟ್ಟು ಮುಗಿಸಿದ್ರಂತೆ,” ಎಂದ. “ಕಾಲು ಸರಿಯಾಗುವ ಹಾಗೆ ಇರ್ಲಿಲ್ಲವಂತೆ. ನೋವಾಗ್ಲಿಲ್ಲವಂತೆ.” ಖಾಲಿ ಲಾಯವನ್ನು ನೋಡುತ್ತ ಹೇಳಿದ: “ಊರಿನ ಖಲಾಸೇ ಆಗಿತ್ತು ಮಾಸ್ಟ್ರೇ. ಮ್ಯಾನೇಜರ್ ನನಗೆ ಹೇಳಿದ್ದೇ ಅದನ್ನು. ನಾನು ಥ್ಯಾಂಕ್ಯೂ ಅಂದೆ. ನಕ್ಕುಕೊಂಡು ಥ್ಯಾಂಕ್ಯೂ ಅಂದೆ.”

ಪಾಠ ಹೇಳಿ ಬದುಕಿದ ನನಗೆ ಒಂದು ಶಬ್ದದ ಮುಂದೆ ಇಷ್ಟು ನಿರುಪಾಯನಾಗಿ ನಿಂತ ನೆನಪಿಲ್ಲ.

“ಹಗ್ಗ ಯಾರು ಹಿಡಿದ್ರೋ. ಗುರ್ತಿನ ಕೈಯಾದ್ರೆ ತಲೆ ತಗ್ಗಿಸಿ ನಿಲ್ತಿದ್ದ. ನಾನು ಇರ್ತಿದ್ದೆ. ಗೊತ್ತಿದ್ರೆ ಇರ್ತಿದ್ದೆ.”

ಬಳಿಕ ಅವನು ದನಿ ತಗ್ಗಿಸಿ ಕೇಳಿದ: “ನಿಮ್ಮಲ್ಲಿ ಸತ್ತ ಪ್ರಾಣಿಗಳಿಗೆ ಎಂತಾದ್ರೂ ಉಂಟಾ? ಪಾದ್ರಿಯವ್ರಲ್ಲಿ ಕೇಳ್ಲಿಕ್ಕೆ ನನಗೆ ನಾಚಿಕೆ.”

ಇತ್ತು. ನಮ್ಮ ತರ್ಪಣದ ಕೊನೆಗೆ, ತಾಯಿತಂದೆಯರಿಲ್ಲದ, ಬಂಧುಗಳಿಲ್ಲದ, ಹೆಸರು ಹಿಡಿದು ಕರೆಯುವವರೇ ಇಲ್ಲದ ಜೀವಗಳಿಗೂ ಒಂದು ಬೊಗಸೆ ನೀರು ಬಿಡುವ ಪದ್ಧತಿಯಿದೆ. ವರ್ಷಗಳಿಂದ ಬಿಡುತ್ತ ಬಂದಿದ್ದೆ. ಯಾವುದೇ ಮುಖವನ್ನು ನೆನೆದು ಬಿಟ್ಟಿರಲಿಲ್ಲ. ಅವನು ಪೂಜೆಗೆ ಹೊರಡುವ ಮುನ್ನ ತುಂಬಿಸಿಟ್ಟಿದ್ದ ಬಕೀಟು ಮೂಲೆಯಲ್ಲಿ ಹಾಗೆಯೇ ಇತ್ತು. ಚಪ್ಪಲಿ ಕಳಚಿ ಒಳಗೆ ಹೋಗಿ, ಅದರಿಂದಲೇ ನೀರೆತ್ತಿ ಬಿಟ್ಟೆ. ಅವನು ತಲೆತಗ್ಗಿಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ಆಚೆ ಯಾರೋ ಅವನನ್ನು ಅವಸರಪಡಿಸುತ್ತ “ಯಲ್ಲಾ” ಎಂದು ಕೂಗಿದರು. ಪಕ್ಕದ ಲಾಯದ ಕುದುರೆಗೆ ಜೀನು ಹಾಕಬೇಕಾಗಿತ್ತು. ಅವನು ಇಸ್ತ್ರಿ ಅಂಗಿಯ ತೋಳುಗಳನ್ನು ಮಡಚಿಕೊಂಡು ಎದ್ದು ಹೋದ.