ಮುತ್ತಾತನಿಗೆ ಬಂದ ಎಡಗಾಲು

ಶೆಟ್ಟಿಕೆರೆಯಲ್ಲಿ ದೊಡ್ಡಪ್ಪ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ಅವರಿಗೆ ಇದ್ದಕ್ಕಿದ್ದಂತೆ ಮುತ್ತಾತನ ಕಾಲಿನ ಚಿಂತೆ ಹತ್ತಿತು.

ಮುತ್ತಾತ ಎಂದರೆ ನಮ್ಮ ಅಜ್ಜಿಯ ಅಪ್ಪ. ದೊಡ್ಡಪ್ಪ ಅನುಭವಿಸುತ್ತಿರುವ ತೆಂಗಿನ ತೋಟ ಅವರು ಬಿಟ್ಟುಹೋದದ್ದು. ಪ್ರಾಯದಲ್ಲಿ ಕೊಬ್ಬರಿ ಗಾಡಿಯ ಚಕ್ರ ಮೇಲೆ ಹರಿದು ಅವರ ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಬೇಕಾಯಿತಂತೆ. ಅವರದು ಇದ್ದದ್ದು ಒಂದೇ ಫೋಟೊ. ಹಿಂದೆ ಅರಮನೆಯ ಕಂಬಗಳನ್ನು ಬರೆದ ಪರದೆ, ಮುಂದೆ ಕುರ್ಚಿಯಲ್ಲಿ ಎತ್ತಿ ಕಟ್ಟಿದ ಪಂಚೆಯ ಮುತ್ತಾತ. ಚಿತ್ರದ ನಟ್ಟನಡುವೆ, ಬೆಳಕೆಲ್ಲ ಬೀಳುವಲ್ಲಿ, ಮೊಂಡುಗಾಲು. ಕೈಯಲ್ಲಿ ನೆಟ್ಟಗೆ ಹಿಡಿದ ಊರುಗೋಲು. ನೋಡುವವರ ಕಣ್ಣು ಮೊದಲು ಕಾಲಿಗೆ ಹೋಗಿ ಆಮೇಲೆ ಮುಖಕ್ಕೆ ಬರಬೇಕು. ಮುಖದಲ್ಲೋ, ‘ನೋಡಿ ಆಯ್ತಾ?’ ಎನ್ನುವ ಕಳೆ.

“ಬೀಗರು ಬರೋ ಮನೇಲಿ ಇಂಥ ಫೋಟೊ ಚೆನ್ನಾಗಿರಕಿಲ್ಲ ಕಣಪ್ಪ” ಎಂದು ದೊಡ್ಡಪ್ಪ ನನ್ನನ್ನೂ ಕರೆದುಕೊಂಡು ತಿಪಟೂರಿನ ಒಂದು ಸ್ಟುಡಿಯೋಗೆ ಹೋದರು.

“ಕಾಲು ಕೂರಿಸ್ಬೋದು ಸಾರ್. ನೋಡ್ಕೊಂಡು ಮಾಡಕ್ಕೆ ಒಂದು ಕಾಲು ಬೇಕು” ಎಂದ ಸ್ಟುಡಿಯೋದವನು.

ದೊಡ್ಡಪ್ಪ ತಡಮಾಡಲಿಲ್ಲ. ಪ್ಯಾಂಟು ಮಡಚಿ, ತಮ್ಮದೇ ಎಡಗಾಲನ್ನು ಸ್ಟೂಲಿನ ಮೇಲಿಟ್ಟು, ಪ್ರಶಸ್ತಿ ಪಡೆಯುವವರಂತೆ ಎದೆಯುಬ್ಬಿಸಿ ಕುಳಿತರು. ಕಂಪ್ಯೂಟರಿನಲ್ಲಿ ಊರುಗೋಲು ಅಳಿಸಿದಾಗ ಮುತ್ತಾತನ ಮುಷ್ಟಿ ಬಸ್ಸಿನ ಕಂಬಿ ಹಿಡಿದ ಹಾಗೆ ಗಾಳಿಯಲ್ಲಿ ಉಳಿಯಿತು. ಅದಕ್ಕೊಂದು ಬೆಳ್ಳಿಹಿಡಿಯ ಬೆತ್ತ ಬಂತು. ಉಳಿದ ಬದುಕಿನುದ್ದಕ್ಕೂ ಒಂಟಿ ಮೆಟ್ಟಿನಲ್ಲಿ ತೋಟ ಸುತ್ತಿದ ಮನುಷ್ಯನಿಗೆ ಒಂದು ಜೊತೆ ಬೂಟೂ ಬಂದವು.

ಗೃಹಪ್ರವೇಶದ ದಿನ ಅಜ್ಜಿಯನ್ನು ಆ ಫೋಟೊ ಮುಂದೆ ನಿಲ್ಲಿಸಿದರು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

“ಯಾರ್ಲಾ ಇವ್ನು?”

“ನಿಮ್ಮಪ್ಪ ಕಣಮ್ಮ” ಎಂದರು ದೊಡ್ಡಪ್ಪ.

“ನಮ್ಮಪ್ಪಂಗೆ ಇಂಥ ದಪ್ಪ ಮೀನಖಂಡ ಎಲ್ಲಿತ್ಲಾ? ಇದು ನಿನ್ ಕಾಲಲ್ವಾ?”

ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಪ್ಪ ಬೀಗರನ್ನು ಊಟದ ಕಡೆ ಸಾಗಹಾಕಿದರು. ಅಜ್ಜಿ ನನ್ನ ಕೈ ಹಿಡಿದು ಹೇಳಿದಳು: “ಫೋಟೊ ತೆಗೆಸ್ವಾಗ ನಾನೂ ಹೋಗಿದ್ದೆ, ಚಿಕ್ಕೋಳು. ಫೋಟೊದೋನು ಕಾಲು ಮರೆಯಾಗ್ಲಿ ಅಂತ ಹೂವಿನ ಕುಂಡ ತಂದಿಟ್ಟ. ಅಪ್ಪ ಕೋಲಲ್ಲೇ ಅದನ್ನ ಆಚೆ ತಳ್ಳಿ, ‘ಕಾಲು ಹೋಗಿರದು ನಂದು, ನಾಚ್ಕೆ ನಿಂಗ್ಯಾಕಯ್ಯ?’ ಅಂತು.”

ಮೂಲ ಫೋಟೊ ಸ್ಟುಡಿಯೋದಲ್ಲೇ ಬಿದ್ದಿತ್ತು. ಮಾರನೆಯ ದಿನ ನಾನೇ ಹೋಗಿ ತಂದೆ. ಅಜ್ಜಿ ಸೆರಗಿನಿಂದ ಗಾಜು ಒರೆಸಿ, ತನ್ನ ಮಂಚದ ಎದುರಿನ ಗೋಡೆಯನ್ನು ತೋರಿಸಿದಳು.

“ಅಷ್ಟು ಮೇಲೆ ಬ್ಯಾಡ ಕಣ್ಲಾ, ಮಲ್ಗಿದ್ರೂ ಕಾಣ್ಬೇಕು” ಎಂದಳು. ನಾನು ಮೊಳೆಯನ್ನು ಇನ್ನಷ್ಟು ಕೆಳಗೆ ಹೊಡೆದೆ.